ಚೀಟಿಯೆಂದು ಹರಿದದ್ದು

ಈ ಕಥೆಯನ್ನು ಮೊದಲು ಹೇಳಿದವರು ಉಪ್ಪಲ್‌ನ ಶೈಲಶ್ರೀಯವರು. ಹೇಳಿದ್ದು ಹೋದ ವರ್ಷದ ಶ್ರಾವಣದ ಎರಡನೆಯ ಸೋಮವಾರ, ಸಂಜೆ ಆರರ ಸುಮಾರಿಗೆ, ತಮ್ಮ ಮನೆಯ ಮಾಳಿಗೆಯ ಮೇಲೆ. ಕೇಳುತ್ತಿದ್ದವರು ಒಂಬತ್ತು ಮಂದಿ. ನಾನು ಬರೆದುಕೊಂಡಂತೆ ಇಲ್ಲಿ ಕೊಡುತ್ತಿದ್ದೇನೆ.

ಸನತ್‌ನಗರದ ಕಾಶಿನಾಥರು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮ್ ನೋಡಿಕೊಂಡವರು. ಅಲ್ಲಿಯ ನಿಯಮ ಇಷ್ಟು: ಬಟ್ಟೆಯಲ್ಲಿ ಕಟ್ಟಿಟ್ಟ ಬಸ್ತೆಯಿಂದ ಕಡತ ಹೊರಗೆ ಹೋದರೆ ಅದರ ಜಾಗದಲ್ಲಿ ಒಯ್ದವರ ಹೆಸರು ಬರೆದ ಒಂದು ಚೀಟಿ ಇಡಬೇಕು. ಕಡತ ಮರಳಿದಾಗ ಇನ್ನೊಬ್ಬರೆದುರು ಓದಿ ನೋಡಿ, ಆಮೇಲೆ ಚೀಟಿ ಹರಿಯಬೇಕು.

ನಿವೃತ್ತರಾದ ಮೇಲೆ ಅವರು ತಾಯಿ ಗುರುಬಾಯಿಯವರ ಹಾಡುಗಳನ್ನು ಕಂಪ್ಯೂಟರಿನಲ್ಲಿ ಇಪ್ಪತ್ತಮೂರು ಕಡತಗಳಾಗಿ ಬೆರಳಚ್ಚಿಸಿದ್ದರು. ಏಳು ವರ್ಷ ಮುದುಕಿ ಕೇಳಿ ಕೇಳಿ ತಿದ್ದಿಸಿದ್ದರು. ಅವನ್ನು ಒಂದು ದಿನ ಸಂಜೆ ಐದರೊಳಗೆ ಧಾರವಾಡದ ಮುದ್ರಕರಿಗೆ ಕಳಿಸಬೇಕಿತ್ತು. ಮುದ್ರಕರ ಜಾಲತಾಣ ದೊಡ್ಡ ಕಡತಗಳನ್ನು ಒಪ್ಪುತ್ತಿರಲಿಲ್ಲ. ಮಗಳು ಶರ್ವರಿ ಮಾದಾಪುರದ ಕಚೇರಿಗೆ ಹೊರಡುವ ಅವಸರದಲ್ಲಿ ಆಜ್ಞೆ ಬೆರಳಚ್ಚಿಸುವ ಕಪ್ಪು ಪರದೆ ತೆರೆದು, ಜಿಜಿಪ್ ಎಂಬ ಆಜ್ಞೆ ಕೊಟ್ಟು, ಎಲ್ಲವನ್ನೂ ಕುಗ್ಗಿಸಿ ಹೋದಳು. ಆ ಆಜ್ಞೆಯ ರೀತಿಯೇ ಹಾಗೆ. ಕುಗ್ಗಿದ ಕಡತ ಸಿದ್ಧವಾದೊಡನೆ ಮೂಲವನ್ನು ಅಳಿಸಿಬಿಡುತ್ತದೆ. ಇದನ್ನು ಅವಳು ತಂದೆಗೆ ಹೇಳಲಿಲ್ಲ.

ಹತ್ತು ಗಂಟೆಗೆ ಕಾಶಿನಾಥರು ನೋಡಿದರೆ ಒಂದು ಹಾಡೂ ಇಲ್ಲ. ಇಪ್ಪತ್ತಮೂರು ಜಾಗಗಳಲ್ಲಿ ಅವೇ ಹೆಸರಿನ, ಕೊನೆಗೆ ಒಂದು ಚುಕ್ಕಿ ಮತ್ತು ಎರಡಕ್ಷರ ಅಂಟಿದ, ಹತ್ತರಲ್ಲೊಂದು ಪಾಲೂ ಇರದ ಸಣ್ಣ ತುಣುಕುಗಳು. ತೆರೆದರೆ ಕನ್ನಡವೂ ಅಲ್ಲ, ಯಾವ ಭಾಷೆಯೂ ಅಲ್ಲ. ಎದ್ದರು, ಕೂತರು, ಮತ್ತೆ ಎದ್ದು ಬಾಗಿಲ ತನಕ ಹೋಗಿ ಬಂದರು.

“ಯವ್ವಾ, ಯಾರೋ ಕಡತ ಒಯ್ದು ಚೀಟಿ ಇಟ್ಟಾರ,” ಎಂದರು.

“ಮನಿಯಾಗ ನಾನೂ ನೀನೂ. ಯಾರು ಒಯ್ತಾರೋ ಮಾರಾಯ?” ಅವರೆಕಾಯಿ ಸುಲಿಯುತ್ತಿದ್ದ ಗುರುಬಾಯಿ ತಲೆ ಎತ್ತಲಿಲ್ಲ.

ಕಪಾಟಿನಲ್ಲಿ ಹಳೆಯ ಪೆನ್‌ಡ್ರೈವ್ ಇತ್ತು. ಅದರಲ್ಲಿ ಏಳು ವರ್ಷದ ಹಿಂದಿನ ಪ್ರತಿ. ಕಾಶಿನಾಥರು ಇಪ್ಪತ್ತಮೂರನ್ನೂ ಅದರಿಂದ ತಂದು ಅವುಗಳ ಜಾಗಕ್ಕೆ ಹಾಕಿದರು. ಕಡತ ಮರಳಿತು, ಇನ್ನು ಚೀಟಿ ಹರಿಯಬೇಕು. ಮೊದಲನೆಯದು ಬೀಸುವ ಹಾಡುಗಳದು, ಬರಿಯ ಹನ್ನೆರಡು ಪದ. ಅವಸರದಲ್ಲಿ ಅದರ ಚೀಟಿಯನ್ನು, ಮಗಳು ಹಿಂದೊಮ್ಮೆ ಕಲಿಸಿದ್ದ ಆಜ್ಞೆಯಿಂದ, ಕಪ್ಪು ಪರದೆಯಲ್ಲೇ ಒಮ್ಮೆಲೇ ಅಳಿಸಿಬಿಟ್ಟರು. ಎರಡನೆಯದಕ್ಕೆ ಕೈ ಹಾಕುವಾಗ ನಿಯಮ ನೆನಪಾಯಿತು. ತಾಯಿಯನ್ನೇ ಸಾಕ್ಷಿಯಾಗಿ ಕೂರಿಸಿಕೊಂಡು ಓದತೊಡಗಿದರು.

“ಭೀಮಿಯ ಹೊಳಿ ದಾಟಿ ತವರೀಗಿ ಹೋಗಾಗ...”

“ತಡಿ, ತಡಿ! ದಾಟಿ ಅಂತ ಯಾರು ಅಂದ್ರು? ಹೊಳಿ ತುಂಬಿ ಅಂತ ತಿದ್ದಿಸಿದ್ದೆ. ತುಂಬಿದ ಹೊಳಿ ಹೆಂಗ ದಾಟ್ಯಾಳ ಆಕಿ? ದಂಡಿ ಮ್ಯಾಲೇ ಕುಂತಾಳ. ಇದು ನನ್ನ ಹಾಡಲ್ಲ.”

ಕಾಶಿನಾಥರು ಕೀಲಿಮಣೆಯಿಂದ ಕೈ ತೆಗೆದರು. ಮಗಳಿಗೆ ಫೋನ್ ಮಾಡಿದರು.

“ಅಪ್ಪಾ, ಏನೂ ಮುಟ್ಟಬ್ಯಾಡ್ರಿ! ಅವು ಚೀಟಿ ಅಲ್ರೀ, ಅವೇ ಹಾಡು. ಹಿಂಡಿ ಸಣ್ಣ ಮಾಡೀನಿ, ಅಷ್ಟ. ಎಷ್ಟು ಅಳಿಸೀರಿ?”

“ಒಂದು.”

ಕಪ್ಪು ಪರದೆಯಲ್ಲಿ ಅಳಿಸಿದ್ದು ಮರಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಎರಡನೇದನ್ನ ಬಿಚ್ಚಿ ನೋಡ್ರಿ. ಜಿ, ಯು, ಎನ್, ಜಡ್, ಐ, ಪಿ. ಜಾಗ ಬಿಟ್ಟು ಕಡತದ ಹೆಸರು.”

ಒಂದೊಂದೇ ಅಕ್ಷರ ಒತ್ತಿದರು. ಯಂತ್ರ ಪ್ರಶ್ನೆ ಕೇಳಿತು. “ಆ ಹೆಸರಿನ ಕಡತ ಮೊದಲs ಐತಂತ. ಅದರ ಮ್ಯಾಲೆ ಬರೀಲೇನು ಅಂತದ. ಹೂಂ ಅಂದ್ರ ಇದೂ ಹೋದ್ರ?”

“ಅದು ಹಳೇದ್ರೀ ಅಪ್ಪಾ. ಹೋಗ್ಲಿ. ವಾಯ್ ಒತ್ರಿ.”

ಮೂವತ್ತೊಂದು ವರ್ಷದಲ್ಲಿ ಒಂದು ಹಾಳೆಯ ಮೇಲೆ ಇನ್ನೊಂದನ್ನು ಬರೆಯಲು ಬಿಟ್ಟವರಲ್ಲ. ಬೆರಳು ಕೀಲಿಯ ಮೇಲೆಯೇ ನಿಂತಿತು.

“ಒತ್ತೋ ಕಾಶೀ,” ಎಂದರು ಗುರುಬಾಯಿ. “ಆಕಿ ದಂಡಿ ಮ್ಯಾಲೆ ಕಾಯಾಕತ್ತಾಳ.”

ಒತ್ತಿದರು. ಚೀಟಿಯೆಂದುಕೊಂಡಿದ್ದ ತುಣುಕು ಮಾಯವಾಯಿತು, ಕಡತ ನಿಂತಿತ್ತು. ತೆರೆದರೆ “ಹೊಳಿ ತುಂಬಿ” ಎಂದೇ ಇತ್ತು. ಕಾಶಿನಾಥರು ಕನ್ನಡಕ ತೆಗೆದು, “ಕಡತ ಬಂದಕೂಡಲೇ ಚೀಟಿ ತಾನೇ ಹರಕೊಂತಲ್ಲೇ!” ಎಂದರಂತೆ.

ಮೊದಲನೆಯದು ಮಾತ್ರ ಹಳೆಯದೇ ಉಳಿಯಿತು. ಹನ್ನೆರಡೂ ಪದ ಓದಿ ಕೇಳಿಸಿದರು. “ಎರಡು ಕಡೆ ತಿದ್ದಿಸಿದ್ದೆ. ಎಲ್ಲಿ ಅಂತ ಹೊಳೀವಲ್ದು,” ಎಂದರು ಗುರುಬಾಯಿ. ಮತ್ತೆ ಓದಿದರು, ಮತ್ತೆ ಮತ್ತೆ ಓದಿದರು. ನಾಲ್ಕೂವರೆಯಾಯಿತು.

“ಹಳೇದನ್ನs ಹಾಕಿ ಕಳಸ್ರಿ, ಯಾರಿಗೆ ಗೊತ್ತಾಗ್ತದ?” ಎಂದಳು ಮತ್ತೆ ಫೋನ್ ಮಾಡಿದ ಶರ್ವರಿ.

“ರೆಕಾರ್ಡ್ ರೂಮಿನಾಗ ಹಂಗ ಬರಂಗಿಲ್ಲವ್ವಾ.”

ಬಿಚ್ಚಿದ್ದ ಎರಡನೆಯದನ್ನು ಮತ್ತೆ ಹಿಂಡಿ ಸೇರಿಸಿದ ಮೇಲೆ ಇಪ್ಪತ್ತೆರಡು ಕಡತಗಳು ಹೋದವು. ಪುಸ್ತಕ ಅಚ್ಚಾಗಿ ಬಂದಾಗ ಬೀಸುವ ಹಾಡುಗಳ ಜಾಗದಲ್ಲಿ ಒಂದೇ ಒಂದು ಪುಟವಿತ್ತು: “ಕಡತ ಹೊರಗಿದೆ. ಒಯ್ದವರು: ಕಾಶಿನಾಥ.” ಕೆಳಗೆ ತಾರೀಕು, ರುಜು.

ಶೈಲಶ್ರೀಯವರು ಇಲ್ಲಿಗೆ ನಿಲ್ಲಿಸಿದರು. ಕೇಳುತ್ತಿದ್ದವರಲ್ಲಿ ಗೊಲ್ಲಾಳಪ್ಪ ಎಂಬವರು ಕೇಳಿದರು, “ಮುದುಕಿಗೆ ನೆನಪಾತೇನ್ರಿ ಅಕ್ಕಾರ?”

“ನಿನ್ನೀತನ ಇಲ್ಲ. ದಿನಾ ಸಂಜಿ ಅವೇ ಹನ್ನೆರಡು ಪದ ಹಾಡ್ತಾಳ. ಮಗ ಪೆನ್ಸಿಲ್ ಹಿಡಕೊಂಡು ಎದುರಿಗೆ ಕುಂದರ್ತಾನ.”

ಗೊಲ್ಲಾಳಪ್ಪ ಎದ್ದು ಚಪ್ಪಲಿ ಹುಡುಕಿದರು. ಉಳಿದವರೂ ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಮನೆಗೆ ಹೋದರು.