ಆವಲಮ್ಮ ಹೇಳದೆ ಹೋದದ್ದು

ಆವಲಮ್ಮನ ಹೆಣಕ್ಕೆ ನೀರು ಹುಯ್ದು ಆಗಿತ್ತು. ಇನ್ನು ಸೀರೆ ಉಡಿಸಬೇಕು. ಆ ಸೀರೆ ತವರಿನಿಂದಲೇ ಬರಬೇಕು. ತವರಿನ ತಮ್ಮ ಬರುತ್ತಾನೋ ಇಲ್ಲವೋ, ರಾಯಲ್ಪಾಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇನ್ನೆಷ್ಟೊತ್ತು ಕಾಯೋದು ಅರ್ಪಿತ? ಬಿಸಿಲೇರ್ತೈತೆ," ಎಂದಳು ಪಕ್ಕದ ಮನೆಯ ಆದಿಲಕ್ಷ್ಮಿ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. "ನಿಮ್ಮ ಮಾವನಿಗೆ ಫೋನ್ ಮಾಡಿಸಿದ್ಯಾ?"

"ಮಾಡ್ಸಿದೀನಿ. ಬರ್ತೀನಿ ಅಂತಾನೂ ಅನ್ಲಿಲ್ಲ, ಬರಲ್ಲ ಅಂತಾನೂ ಅನ್ಲಿಲ್ಲ."

"ನಿನ್ನ ಅವನ ಮಗನಿಗೆ ಕೊಡಲ್ಲ ಅಂದಾಗಿಂದ ಗಂಗುಲಪ್ಪ ಈ ಕಡೆ ತಲೆ ಹಾಕಿ ಮಲಗಿದೋನಲ್ಲ. ಸತ್ತೋರ ಮೇಲೆ ಹೇಳಬಾರ್ದು, ನಿಮ್ಮಮ್ಮಂಗೂ ಅಷ್ಟು ಜಂಬ ಇರಬಾರ್ದಿತ್ತು ಕಣಮ್ಮ."

ಹೇಳಬಾರದು ಎನ್ನುತ್ತಲೇ ಹೇಳುವುದು ಆದಿಲಕ್ಷ್ಮಿಯ ಅಭ್ಯಾಸ. ಅವಳೊಬ್ಬಳೇ ಅಲ್ಲ, ಆವಲಮ್ಮನಿಗೆ ಜಂಬವೆಂದು ಊರೇ ತೀರ್ಮಾನಿಸಿತ್ತು. ನೆಗಡಿಯಾದವರನ್ನು ಆವಲಮ್ಮ ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದಳು. ಮದುವೆಮನೆಗಳ ಗುಂಪಿಗೆ ಮಗಳನ್ನು ಕರೆದೊಯ್ಯುತ್ತಿರಲಿಲ್ಲ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಅವಳು ಹಾಕಲೂ ಹೋಗಲಿಲ್ಲ. ಗಂಡ ತೀರಿಕೊಂಡ ಮೇಲೆ ಡೇರಿಗೆ ಹಾಲು ಹಾಕಿಕೊಂಡು, ಒಬ್ಬಳೇ ಬೇಯಿಸಿ ಒಬ್ಬಳೇ ಉಂಡು, ನಿನ್ನೆ ಸಂಜೆ ಹಾಲು ಕರೆಯಲು ಕೂತವಳು ಎದ್ದಿರಲಿಲ್ಲ.

ಆದಿಲಕ್ಷ್ಮಿಗೆ ಕೊಡಬೇಕಾದ ಉತ್ತರ ಅರ್ಪಿತಳ ಬಾಯಲ್ಲಿ ಬಿಸಿತುಪ್ಪದಂತಿತ್ತು, ನುಂಗಲೂ ಆಗದು ಉಗುಳಲೂ ಆಗದು.

*

ಆವಲಮ್ಮನ ಮದುವೆ ಸಂಬಂಧದಲ್ಲೇ ಆದದ್ದು. ಗಂಡ ದೊಡ್ಡನಾರಾಯಣಪ್ಪ ಅವಳ ಸ್ವಂತ ಸೋದರಮಾವ. ಅರ್ಪಿತಳ ಬೆನ್ನಿಗೆ ಎರಡು ಗಂಡು ಹುಟ್ಟಿದವು. ಬೀದಿಯ ಮಕ್ಕಳಿಗೆಲ್ಲ ನೆಗಡಿ ಜ್ವರ ಬಂದು ಹೋಗುತ್ತಿತ್ತು, ಈ ಎರಡಕ್ಕೆ ಮಾತ್ರ ಎದೆಗಿಳಿಯುತ್ತಿತ್ತು. ದೊಡ್ಡವನು ಹಾಗೇ ಹೋದ. ಚಿಕ್ಕವನೂ ಹಾಗೇ ಹೋದ ಮೇಲೆ ಕೋಲಾರದ ವಯಸ್ಸಾದ ಡಾಕ್ಟರೊಬ್ಬರು ಆವಲಮ್ಮನನ್ನೂ ಅರ್ಪಿತಳನ್ನೂ ಕೂರಿಸಿಕೊಂಡು ಕೇಳಿದರು.

"ಗಂಡ ಸಂಬಂಧಾನೇನಮ್ಮ?"

"ಹೂಂ ಸ್ವಾಮಿ, ನಮ್ಮಮ್ಮನ ತಮ್ಮ."

"ನೆಗಡಿ ವೈರಸ್ಸು ಎಲ್ಲ ಮಕ್ಕಳಿಗೂ ಒಂದೇ. ಅದನ್ನ ತಡಕೊಳ್ಳೋ ಶಕ್ತೀಲಿ ಏನೋ ಕೊರತೆ ನಿಮ್ಮ ವಂಶದಲ್ಲಿ ಬಂದಿರೋ ಹಾಗಿದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೆ ಗೊತ್ತೇ ಆಗಲ್ಲ. ಇಬ್ಬರಿಂದಲೂ ಬಂದರೆ ಮಗು ತಡೆಯಲ್ಲ. ಖಚಿತ ಮಾಡೋ ಪರೀಕ್ಷೆ ಇಲ್ಲಿಲ್ಲ, ನನ್ನ ಅನುಮಾನ ಅಷ್ಟೆ. ಆದರೂ ಈ ಹುಡುಗೀನ ಸಂಬಂಧದಲ್ಲಿ ಕೊಡಬೇಡ."

ಬಸ್ಸಿನಲ್ಲಿ ಆವಲಮ್ಮ ಮಗಳ ಕೈ ಬಿಡಲಿಲ್ಲ. "ಯಾರಿಗೂ ಹೇಳಬೇಡ. ವಂಶದಲ್ಲೇ ದೋಷ ಐತೆ ಅಂದ್ರೆ ನಿಮ್ಮ ಮಾವನ ಹೆಣ್ಮಕ್ಕಳನ್ನ ಯಾರು ಮಾಡ್ಕೊಂತಾರೆ?"

ಹೀಗಾಗಿ ತಮ್ಮ ಗಂಗುಲಪ್ಪ ಮಗನಿಗೆ ಹೆಣ್ಣು ಕೇಳಲು ಬಂದಾಗ "ಕೊಡಲ್ಲ" ಎಂದಷ್ಟೇ ಹೇಳಿ, ಅರ್ಪಿತಳನ್ನು ಮಾಲೂರಿನಲ್ಲಿ ಸಂಬಂಧವಲ್ಲದ ಮನೆಗೆ ಕೊಟ್ಟಳು. ಗಂಗುಲಪ್ಪ ಹಟಕ್ಕೆ ಬಿದ್ದು ಇನ್ನೊಬ್ಬ ಅಕ್ಕನ ಮಗಳನ್ನೇ ಸೊಸೆ ಮಾಡಿಕೊಳ್ಳಲು ಹೊರಟ. ಸುದ್ದಿ ಕೇಳಿ ಆವಲಮ್ಮ ತಡೆಯಲಾರದೆ ಓಡಿಹೋದಳು. ಅವನು ಚಪ್ಪರದ ಬಾಯಿಗೇ ಅಡ್ಡ ನಿಂತ.

"ನನ್ನ ಮಗ ಬೇಡ ಅಂದೋಳಿಗೆ ಈ ಮದುವೇಲಿ ಏನು ಕೆಲಸ?"

ಅವನ ಬೆನ್ನ ಹಿಂದೆ ಅವನ ಹೆಣ್ಣುಮಕ್ಕಳು ತಟ್ಟೆಗಳಿಗೆ ಅರಿಶಿನ ತುಂಬುತ್ತಿದ್ದರು. ಆವಲಮ್ಮ ಅವರನ್ನು ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹಿಂದಿರುಗಿದಳು. ಮನೆಗೆ ಬಂದು ಹಸುವಿನ ಕೊರಳು ತಬ್ಬಿಕೊಂಡು ಅತ್ತಳು, ಅಳುವುದಕ್ಕೆ ಬೇರೆ ಯಾರಿದ್ದರು?

*

ತಮಟೆಯವರು ತಮಟೆ ಕಾಯಿಸಿಕೊಳ್ಳುವ ಹೊತ್ತಿಗೆ ಜೀಪು ಬಂತು. ಕಂಕುಳಲ್ಲಿ ಸೀರೆ ಇಟ್ಟುಕೊಂಡು ಗಂಗುಲಪ್ಪ ಇಳಿದ. ಹಿಂದೆ ಹಾರ ಹಿಡಿದು ಶ್ರೀನಿವಾಸಪುರದ ಬೀಗರು. ಅವನ ಕೊನೆಯ ಮಗಳನ್ನು ಮೊನ್ನೆಯಷ್ಟೇ ಒಪ್ಪಿಕೊಂಡು ಹೋಗಿದ್ದವರು.

"ಅಕ್ಕಾ, ನೇನೊಚ್ಚಿನಾನಕ್ಕಾ," ಎಂದು ಮನೆಮಾತಾದ ತೆಲುಗಿನಲ್ಲೇ ಕೂಗಿ ಅವಳ ತಲೆಯ ಬಳಿ ಕುಸಿದ. ಬಂದೆ ಎಂದು ಹೇಳಲು ಬಹಳ ತಡಮಾಡಿದ್ದ.

ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಕೋಲಾರದ ಆಸ್ಪತ್ರೆಯಿಂದ ಮಗ ಉದಯಕುಮಾರ. ಹಂದಿಜ್ವರ ಹಬ್ಬಿದ್ದ ವರ್ಷ ಅದು. ಗಂಗುಲಪ್ಪ ಕೇಳಿಸಿಕೊಂಡು, ಫೋನನ್ನು ಎದೆಗೆ ಒತ್ತಿಕೊಂಡು, ಅರ್ಪಿತಳ ಕಡೆ ತಿರುಗಿದ.

"ಮನೇಲೆಲ್ಲಾರ್ಗೂ ಜ್ವರ ಬಂದು ಹೋಯ್ತು ಕಣಮ್ಮ. ಉದಯನ ಮಗೂಗೆ ಮಾತ್ರ ಉಸಿರೇ ಆಡ್ತಿಲ್ಲ. ನಿಮ್ಮೋರಲ್ಲಿ ಹಿಂಗೇ ಹೋದ ಮಕ್ಕಳು ಅವ್ರಾ ಅಂತ ಡಾಕ್ಟ್ರು ಕೇಳ್ತಾವ್ರೆ. ಗೊತ್ತಾದ್ರೆ ಬೆಂಗಳೂರಿಗೆ ಕಳಿಸ್ತಾರಂತೆ. ನಿನ್ನ ತಮ್ಮಂದಿರಿಗೆ ಏನಾಗಿತ್ತು?"

ಅರ್ಪಿತ ಬೀಗರ ಕಡೆ ನೋಡಿ ದನಿ ತಗ್ಗಿಸಿದಳು. "ಇಲ್ಲಿ ಬೇಡ ಮಾವ. ವಂಶದ ಮಾತು ಅದು. ಅದಕ್ಕೇ ಅಮ್ಮ ನನ್ನನ್ನ ಉದಯನಿಗೆ ಕೊಡ್ಲಿಲ್ಲ. ನಿನ್ನ ಹೆಣ್ಮಕ್ಕಳಿಗೆ ತೊಂದ್ರೆ ಆಗ್ತದೆ ಅಂತ ಬಾಯಿ ಕಟ್ಕೊಂಡು ಹೋದ್ಲು."

ಗಂಗುಲಪ್ಪ ಅಕ್ಕನ ಮುಖ ನೋಡಿದ. "ಅವತ್ತು ಚಪ್ಪರಕ್ಕೆ ಬಂದಿದ್ದೂ..."

"ಅದನ್ನ ಹೇಳೋಕೇ."

ಅವನು ಫೋನನ್ನು ಅವಳ ಕೈಗಿಟ್ಟ. ಅರ್ಪಿತ ಬಾಯಿಗೆ ಸೆರಗು ಅಡ್ಡ ಹಿಡಿದು ಪಿಸುಗುಟ್ಟಿದಳು. ತಮಟೆ ಜೋರಾಗಿತ್ತು. ಆ ಕಡೆಯಿಂದ ಉದಯಕುಮಾರ, "ಕೇಳಿಸ್ತಿಲ್ಲ, ಕೇಳಿಸ್ತಿಲ್ಲ," ಎಂದು ಅರಚುತ್ತಿದ್ದ.

ಗಂಗುಲಪ್ಪ ಬೀಗರನ್ನು ಒಮ್ಮೆ ನೋಡಿದ. ಆಮೇಲೆ ಕೈಯೆತ್ತಿ ತಮಟೆ ನಿಲ್ಲಿಸಿದ.

"ಸೆರಗು ತೆಗ್ದು ಜೋರಾಗಿ ಹೇಳಮ್ಮ," ಎಂದ. "ಅವನಿಗೆ ಕೇಳಿಸ್ಬೇಕು."

ಸದ್ದಡಗಿದ ಅಂಗಳದಲ್ಲಿ ಅರ್ಪಿತ ಮೊದಲಿಂದ ಹೇಳತೊಡಗಿದಳು. ಬೀಗರು ಹಾರ ಹಿಡಿದ ಹಾಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗುಲಪ್ಪ ಆ ಕಡೆ ತಿರುಗಲಿಲ್ಲ. ಅಕ್ಕನ ತಲೆಯನ್ನು ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.