ನಿನಗೇನು ಇಷ್ಟ?

ಎರಡು ಹೆಸರಾಂತ ವಿಶ್ವವಿದ್ಯಾಲಯಗಳಿಂದ ಬಂದ, ಸೀಟು ಸಿಕ್ಕಿದೆ ಎನ್ನುವ ಪತ್ರಗಳನ್ನು ಹುಡುಗಿ ಮೇಷ್ಟ್ರ ಮುಂದಿಟ್ಟಳು. ಅರ್ಜಿ ಬರೆಸಿ ಮಕ್ಕಳನ್ನು ದಡ ಮುಟ್ಟಿಸುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ನಿಜ ಬರೆದರೆ ಯಾರೂ ಮೂಸಿ ನೋಡುವುದಿಲ್ಲ ಎಂದು ಅರ್ಜಿಯ ಜೊತೆ ಅವಳು ತನ್ನ ಬಗ್ಗೆ ಬರೆಯಬೇಕಿದ್ದ ಪ್ರಬಂಧಗಳನ್ನೂ ಅವರೇ ಗೀಚಿದ್ದರು. ಒಂದರಲ್ಲಿ ಅವಳಿಗೆ ನಕ್ಷತ್ರಗಳ ಹುಚ್ಚು. ಇನ್ನೊಂದರಲ್ಲಿ, ಹಾಸಿಗೆ ಹಿಡಿದ ಅಜ್ಜಿಗಾಗಿ ಡಾಕ್ಟರಾಗುವ ಹಟ. ಅಜ್ಜಿಯೋ, ಗುಂಡುಕಲ್ಲಿನ ಹಾಗಿದ್ದರು.

"ಯಾವುದಕ್ಕೆ ಸೇರ್ಲಿ ಸರ್?"

"ನಿನಗೇನು ಇಷ್ಟಾನೋ ಅದಕ್ಕಮ್ಮಾ. ನನ್ನನ್ಯಾಕೆ ಕೇಳ್ತೀಯ?" ಮೇಷ್ಟ್ರು ರೇಗಿದರು.

"ನನಗೇನಿಷ್ಟ ಅಂತ ಮೊದಲನೇ ದಿನ ಒಂದು ಹಾಳೆ ಬರ್ಕೊಂಡು ಬಂದಿದ್ದೆ. ನೀವು ಕೆಂಪು ಪೆನ್ನಲ್ಲಿ ಪೂರ್ತಿ ಹೊಡೆದುಹಾಕಿದ್ರಿ," ಎಂದಳು ಹುಡುಗಿ. "ಅದರಲ್ಲಿ ಏನಿತ್ತು ಅಂತ ನೆನಪಿದೆಯಾ ಸರ್? ನನಗೆ ಮರೆತೇಹೋಗಿದೆ."