ಹೆಸರಿಟ್ಟ ಗುಂಡು

ಬಂಡೆಗಳು ಇನ್ನೂ ಗಟ್ಟಿಯಾಗದ, ಮುದ್ದೆಯ ಹಾಗೆ ಮೆತ್ತಗಿದ್ದ ಕಾಲವೊಂದಿತ್ತಂತೆ. ಆಗ ಕರಡಿಯೂ ಬೇಟೆಗಾರನೂ ಒಂದೇ ತಾಯಿಯ ಮಕ್ಕಳು. ತಾಯಿ ಜೇನು ಹಂಚುವಾಗ ಕಿರಿಯನಿಗೆ ಬೆರಳಷ್ಟು ಹೆಚ್ಚು ನೆಕ್ಕಿಸಿಬಿಟ್ಟಳು. ಹಿರಿಯ ಮುನಿಸಿಕೊಂಡು, ಕಂಬಳಿ ಹೊದ್ದು, ಗವಿ ಸೇರಿದ. ಎಷ್ಟು ಕರೆದರೂ ಬರಲಿಲ್ಲ. ಕಂಬಳಿ ಮೈಗೇ ಅಂಟಿ ಕೂದಲಾಯಿತು. ಕತ್ತಲಲ್ಲೂ ಮಗನ ಗುರುತು ಸಿಗಲೆಂದು ತಾಯಿ ಅವನ ಎದೆಯ ಮೇಲೆ ಸುಣ್ಣದ ಬೆರಳಿನಿಂದ ಒಂದು ಬಿಳಿ ಗೆರೆ ಎಳೆದಳು. ಕಿರಿಯನಿಗೆ ಹೇಳಿದಳು: "ಅವನ ಮೇಲೆ ಕೈಯೆತ್ತುವ ದಿನ ಬಂದರೆ, ಹೇಳಿ ಎತ್ತು. ಕದ್ದು ಎತ್ತಬೇಡ."

ನಾನು ಒಂದು ಕೋವಿ. ಈ ಕಥೆಯನ್ನು ನಾನು ಕೇಳಿದ್ದು ಕುಲುಮೆಯಲ್ಲಿ, ಹುಟ್ಟುತ್ತಿರುವಾಗಲೇ. ವೀರಾಚಾರಿ ನನ್ನ ನಳಿಗೆಯನ್ನು ಕೆಂಡದಿಂದ ಎತ್ತಿ ಬಡಿಯುತ್ತಾ, ತಿದಿ ಒತ್ತುತ್ತಿದ್ದ ಹೆಂಡತಿಗೆ ಇದನ್ನು ಹೇಳುತ್ತಿದ್ದ. ಹೊಟ್ಟೆಗೆ ಬೀಟೆಯ ದಿಂಡು, ಹೆಗಲಿಗೆ ಕೇಪನ್ನು ಬಡಿದು ಕಿಡಿ ಹಾರಿಸುವ ಕುದುರೆ, ಬಾಯಿಗೆ ಎಣ್ಣೆ. ಮದ್ದು, ನಾರು, ಗುಂಡು ಎಲ್ಲವನ್ನೂ ನಾನು ಬಾಯಿಂದಲೇ ಉಣ್ಣಬೇಕು. ಒಮ್ಮೆ ಉಂಡರೆ ಬೆಂಕಿಯಾಗಿಯೇ ಹೊರಗೆ ಬರಬೇಕು.

ನನ್ನನ್ನು ಕೊಂಡವನು ಗವಿಹಾಳಿನ ಬೋಸಯ್ಯ. ಊರೆಂದರೆ ಬಂಡೆಗುಡ್ಡಗಳ ನಡುವೆ ಸಿಕ್ಕಿಕೊಂಡ ನಾಲ್ಕಾರು ಓಣಿ. ಮೇಲೆ ಕರಡಿಗಳ ಗವಿ, ಕೆಳಗೆ ಸೇಂಗಾ ಹೊಲ. ಬೋಸಯ್ಯ ಎತ್ತರದ ಆಳು. ನಾನು ಬಾಗಿಲ ಹಿಂದಿನ ಗೂಟದಿಂದ ನೋಡುವಾಗ ಅವನ ಗದ್ದವೂ ಮೀಸೆಯ ತಳವೂ ಮಾತ್ರ ಕಾಣುತ್ತಿದ್ದವು. ಅವನ ಹೆಂಡತಿ ಮಾರಕ್ಕ ನನ್ನನ್ನು ಮುಟ್ಟುತ್ತಿರಲಿಲ್ಲ, ಆದರೆ ಅಮಾವಾಸ್ಯೆಗೊಮ್ಮೆ ಕುಂಕುಮವಿಡುತ್ತಿದ್ದಳು.

ಆ ಗುಡ್ಡದವರಿಗೆ ಕೋವಿಯ ವಿಷಯದಲ್ಲಿ ಎರಡು ಕಟ್ಟಳೆ. ದೊಡ್ಡ ಬೇಟೆಯ ಬೆಳಿಗ್ಗೆ ನಳಿಗೆಯ ಬಾಯಿಗೆ ಕಿವಿಯಿಡಬೇಕು. ಜೇನುಗೂಡಿನ ಹಾಗೆ ಗುಂಯ್‌ಗುಟ್ಟುವ ಕೋವಿಯನ್ನೇ ಆರಿಸಬೇಕು. ಜೇನು ಕರೆದರೆ ಕರಡಿ ಬಂದೇ ಬರುತ್ತದೆ. ಹಾಗೆ ಗುನುಗಿದ ಕೋವಿಯ ಬಾಯನ್ನು ಆ ದಿನ ಒರೆಸಬಾರದು, ದನಿ ಹೋಗುತ್ತದೆ. ಎರಡನೆಯದು, ಗುಂಡು ತುಂಬಿದ ಮೇಲೆ ನಳಿಗೆಗೆ ಬಾಯಿಟ್ಟು, ಇದು ಇಂಥ ಗವಿಯ ಇಂಥ ಮೃಗಕ್ಕೆ ಎಂದು ಹೆಸರಿಡಬೇಕು. ಹೆಸರಿಟ್ಟ ಗುಂಡನ್ನು ಬೇರೆ ಪ್ರಾಣಿಗೆ ಹಾರಿಸುವಂತಿಲ್ಲ, ಆಕಾಶಕ್ಕೂ ಹಾರಿಸುವಂತಿಲ್ಲ. ಮುಟ್ಟಿಸಲಾಗದಿದ್ದರೆ ಹೊರತೆಗೆದು, ಆ ಮೃಗದ ಬಾಗಿಲಿಗೆ ಒಯ್ದು ಒಪ್ಪಿಸಬೇಕು.

ಆ ವರ್ಷ ಜೋಳದ ಹೊಲ ಕಾಯುತ್ತಿದ್ದ ಮುದುಕನೊಬ್ಬನನ್ನು ಮೂಡಲ ಗವಿಯ ಕರಡಿ ಹರಿದು ಹಾಕಿತು. ಊರಿನ ದಣಿಯವರು ಬೋಸಯ್ಯನಿಗೆ ಹೇಳಿ ಕಳಿಸಿದರು. ಬೆಳಕು ಹರಿಯುವಾಗ ದಣಿಯ ಕಟ್ಟೆಯ ಮೇಲೆ ಜೋಡಿ ನಳಿಗೆಯ ಸೀಮೆ ಬಂದೂಕೊಂದು ಕಂಬಳಿಯ ಮೇಲೆ ಮಲಗಿತ್ತು. ಪಕ್ಕದಲ್ಲಿ ಹಿತ್ತಾಳೆ ತಳದ ತೋಟಾಗಳು. ಅದರ ಎದುರು ನಾನು ಹಳೆಯ ಒನಕೆಯ ಹಾಗೆ ಕಾಣುತ್ತಿದ್ದೆ.

"ಇದನ್ನ ತಗೊಂಡು ಹೋಗೋ ಬೋಸ," ಎಂದರು ದಣಿ. "ಒಂದು ತಪ್ಪಿದ್ರೆ ಇನ್ನೊಂದು ಐತಿ."

ಮಾರಕ್ಕನ ತಮ್ಮ ಪೆನ್ನಯ್ಯನಿಗೆ ಆಗಿನ್ನೂ ಮದುವೆಯ ಅರಿಶಿಣ ಆರಿರಲಿಲ್ಲ. ಅವನ ಕಣ್ಣು ಆ ಬಂದೂಕಿನ ಮೇಲೇ ನೆಟ್ಟಿತ್ತು. "ತಗೋ ಭಾವ. ಕರಡಿ ಏನು ಹುಲಿ ಹಂಗ ದೂರದಾಗ ನಿಲ್ಲತೈತಾ? ಬಂಡೆ ಸಂದಿಯಿಂದ ಸೀದಾ ಎದಿಗೇ ಬರತೈತಿ. ಒಂದೇ ಏಟು ನಂಬಿಕೊಂಡು ಹೋಗಬ್ಯಾಡ."

"ನಿನ್ನ ಹೆಂಡ್ತಿ ಹೆದರ್ಯಾಳಂತ ನೀನೂ ಹೆದರೀದಿ?" ಬೋಸಯ್ಯ ನಕ್ಕ. ಸೀಮೆ ಬಂದೂಕಿಗೆ ಕಿವಿಯಿಟ್ಟ. ಅದು ಸುಮ್ಮನಿತ್ತು. ಆಮೇಲೆ ನನ್ನ ಬಾಯಿಗೆ ಕಿವಿಯಿಟ್ಟ.

ನನ್ನೊಳಗೆ ಗುಂಯ್ ಎನ್ನುತ್ತಿತ್ತು.

ಅದು ನನ್ನ ದನಿಯಾಗಿರಲಿಲ್ಲ. ಗೋಡೆಗಳಿಗೆ ಮಣ್ಣಿನ ಗೂಡು ಮೆತ್ತುವ ಕುಂಬಾರ ಹುಳು ಹಿಂದಿನ ದಿನಗಳಲ್ಲಿ ನನ್ನ ತಳದಲ್ಲಿ ಮನೆ ಕಟ್ಟಿತ್ತು. ಒದ್ದೆ ಮಣ್ಣಿನ ಕೊನೆಯ ಉಂಡೆಯನ್ನು ಒತ್ತುತ್ತಾ ಗುಂಯ್‌ಗುಡುತ್ತಿತ್ತು. ಬೋಸಯ್ಯನ ಮುಖ ಅರಳಿತು.

"ನನ್ನ ಕೋವಿ ಹಾಡಾಕ ಹತ್ತೈತಿ ದಣಿ. ನಿಮ್ಮದು ನಿಮಗ ಇರಲಿ."

ಅವನು ಎಲೆ ಹಾಕಿಕೊಳ್ಳಲು ತಿರುಗಿದಾಗ ಹುಳು ಹೊರಗೆ ಹಾರಿತು. ಯಾರೂ ನೋಡಲಿಲ್ಲ. ಕಟ್ಟಳೆಯಂತೆ ನನ್ನ ಬಾಯನ್ನು ಯಾರೂ ಒರೆಸಲಿಲ್ಲ. ಪೆನ್ನಯ್ಯನೇ ಮದ್ದು ಸುರಿದ, ನಾರು ತುರುಕಿದ, ಗುಂಡು ಇಳಿಸಿ, ಮೇಲೆ ಮತ್ತೆ ನಾರಿಟ್ಟು ಸಲಾಕೆಯಿಂದ ಜಡಿದ. ಸಲಾಕೆ ಎಂದಿಗಿಂತ ತುಸು ಮೇಲೆಯೇ ನಿಂತಿತು. ಅವನ ಕೈ ಒಂದು ಗಳಿಗೆ ತಡೆಯಿತು. ಮದ್ದು ಹೆಚ್ಚಾಯಿತೇನೋ ಎಂದುಕೊಂಡ. ಹೇಳಿದರೆ ಭಾವ ಮತ್ತೆ ನಗುತ್ತಾನೆಂದು ಸುಮ್ಮನಾದ. ಬೋಸಯ್ಯ ನನ್ನ ಬಾಯಿಗೆ ತುಟಿಯಿಟ್ಟು ಉಸುರಿದ: "ಇದು ಮೂಡಲ ಗವಿ ಕರಡಿಗೆ."

ಗವಿಯ ಮುಂದೆ ಕಾರೆಗಿಡ, ಕವಳೆಗಿಡ. ಬೋಸಯ್ಯ ಕಲ್ಲೊಂದನ್ನು ಉರುಳಿಸಿದ. ಒಳಗಿನಿಂದ ಕರಡಿ ಬಂತು, ಬಂದು ಎರಡು ಕಾಲ ಮೇಲೆ ನಿಂತಿತು. ಎದೆಯ ಬಿಳಿ ಗೆರೆ ನನ್ನ ನೆಟ್ಟ ನೋಟಕ್ಕೆ ಸರಿಯಾಗಿತ್ತು. ಅದರ ಬೆನ್ನಿನ ಕೂದಲಲ್ಲಿ ಮರಿಗಳು ಕಚ್ಚಿಕೊಂಡಿದ್ದವು. ಬೋಸಯ್ಯ ಅವನ್ನು ಕಂಡದ್ದೂ ಕುದುರೆ ಬಿದ್ದದ್ದೂ ಒಂದೇ ಸಲ.

ಟಿಕ್.

ಕೇಪು ಸಿಡಿಯಿತು. ಕಿಡಿ ತಳದಲ್ಲಿ ಹುಳು ಮೆತ್ತಿದ್ದ ಮಣ್ಣಿಗೆ ತಗುಲಿ ಸತ್ತಿತು. ಮದ್ದು ಮೇಲೆ ಒಣಗಿ ಕೂತಿತ್ತು, ಅದಕ್ಕೆ ಏನೂ ಗೊತ್ತಾಗಲಿಲ್ಲ.

ಮುಂದಿನದನ್ನು ನಾನು ಪೊದೆಯೊಳಗೆ ಬಿದ್ದುಕೊಂಡು ಕೇಳಿದೆ.

ಬೋಸಯ್ಯನನ್ನೂ ನನ್ನನ್ನೂ ಮನೆಗೆ ಹೊತ್ತು ತಂದರು. ಅವನ ಮುಖಕ್ಕೆ ಬಟ್ಟೆ ಸುತ್ತಿದ್ದರು. ಉಸಿರು ಹೋಗುವ ಮೊದಲು ಅವನು ಮಾರಕ್ಕನ ಕೈ ಹಿಡಿದು ಹೇಳಿದ್ದು ನನ್ನ ವಿಷಯ. "ಮರಿ ಹೊತ್ತಿದ್ಲು ಅಕಿ. ನಾ ನೋಡದ ಹೆಸರಿಟ್ಟೆ. ಆ ಗುಂಡು ತೆಗೆದು ಅಕಿ ಬಾಗಿಲಿಗೆ ಒಪ್ಪಿಸು. ಇಲ್ಲಾಂದ್ರ ಅಕಿ ಬರ್ತಾಳ, ಕೇಳಾಕ ಬರ್ತಾಳ."

"ಒಪ್ಪಸ್ತೀನಿ," ಎಂದಳು ಮಾರಕ್ಕ.

ಆದರೆ ಮಣ್ಣು ಕೊಟ್ಟ ದಿನವೇ ಪೆನ್ನಯ್ಯ ನನ್ನನ್ನು ಎತ್ತಿಕೊಂಡ. "ಒಪ್ಪಸ್ತಾಳಂತ! ಎದಿಗೇ ಒಪ್ಪಸ್ತೀನಿ ನಾನು," ಎಂದು ಕಿರುಚಿ ಗುಡ್ಡ ಹತ್ತಿದ. ದಿನವೂ ಮೂಡಲ ಗವಿಯ ಎದುರು ಕೂತ. ಆ ತಾಯಿ ಮುಸ್ಸಂಜೆಗೆ ಹೊರಬಂದು, ಹುತ್ತ ಕೆದರಿ, ಮರಿಗಳಿಗೆ ಗೆದ್ದಲು ಹೀರಲು ಕಲಿಸುತ್ತಿತ್ತು. ಅವನು ಹೊಸ ಕೇಪು ಇಟ್ಟು ಕುದುರೆ ಎಳೆಯುವನು. ಟಿಕ್. ಅದು ತಲೆಯೆತ್ತಿ ಇತ್ತ ನೋಡುವುದು. ಓಡುತ್ತಿರಲಿಲ್ಲ, ಮೇಲೂ ಬೀಳುತ್ತಿರಲಿಲ್ಲ. ನೋಡುತ್ತಿತ್ತು, ಅಷ್ಟೇ. ಒಂದು ಸಂಜೆ ಪೆನ್ನಯ್ಯ ನನ್ನನ್ನು ತೊಡೆಯ ಮೇಲಿಟ್ಟುಕೊಂಡು, "ನಾನು ಜಡಿದಿದ್ದು ತಪ್ಪಾತು ಭಾವ, ಸಲಾಕೆ ಮ್ಯಾಲೆ ನಿಂತಿತ್ತು, ನಾ ಹೇಳಲಿಲ್ಲ," ಎಂದು ಅತ್ತ. ಕೆಳಗಿಳಿದವನು ಅಕ್ಕನ ಮನೆಗೆ ಹೋಗಲಿಲ್ಲ. ನನ್ನನ್ನು ದಣಿಯ ಪಡಸಾಲೆಯಲ್ಲಿಟ್ಟು, ಅಕ್ಕನ ಮುಖ ನೋಡಲಾರದೆ ಹೆಂಡತಿಯ ಊರು ಸೇರಿದ.

ದಣಿ ನನ್ನನ್ನು ಜಿಂಕೆ ಕೊಂಬಿನ ಕೆಳಗೆ ತೂಗುಹಾಕಿದರು. ನೆಂಟರು ಬಂದಾಗ ಬೋಸಯ್ಯನ ಕಥೆಯನ್ನು ಕೈ ಬೀಸಿ ಹೇಳುವರು, ನೆಂಟರು ಚ್ಚುಚ್ಚು ಎನ್ನುವರು. ಸುಗ್ಗಿ ಮುಗಿದಾಗಲೆಲ್ಲ ಮಾರಕ್ಕ ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದಳು.

"ಕೋವಿ ಕೊಡ್ರಿ ದಣಿ. ಮಾತು ಕೊಟ್ಟೀನಿ."

"ಗುಂಡು ತುಂಬಿದ ಕೋವಿ, ಹೆಣ್ಣು ಹೆಂಗಸು ನೀನು, ಏನು ಮಾಡ್ತಿ? ಅಂವನ ನೆಪ್ಪಿಗೆ ಇಲ್ಲೇ ಇರಲಿ ಬಿಡು."

ಅವಳು ಹೋಗುವಾಗ ತಿರುಗಿ ನನ್ನನ್ನು ಒಮ್ಮೆ ನೋಡುವಳು. ವರ್ಷ ವರ್ಷ ಅವಳ ತಲೆ ಬೆಳ್ಳಗಾಯಿತು.

ಗುಂಡು ನನ್ನ ಗಂಟಲಲ್ಲಿ ಕೂತಿತ್ತು. ಅದಕ್ಕೊಂದು ಹೆಸರಿತ್ತಲ್ಲ, ಹೆಸರಿದ್ದವರು ಸುಮ್ಮನಿರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಗೋಡೆಯ ಆಚೆಯಿಂದ ಉಸಿರು ಕೇಳತೊಡಗಿತು. ಮೊದಲು ಧೂಳನ್ನು ಊದಿ ಸರಿಸುವ ಹಾಗೆ ಫೂ ಎಂದು, ಆಮೇಲೆ ದೀರ್ಘವಾಗಿ ಒಳಗೆಳೆಯುವುದು. ಅದು ಗೋಡೆಯುದ್ದಕ್ಕೂ ಮೂಸುತ್ತಾ ಬಂದು ನಾನಿರುವ ಕಡೆ ನಿಲ್ಲುತ್ತಿತ್ತು. ಆಗ ನನ್ನೊಳಗಿನ ಗುಂಡು ತಣ್ಣಗಾಗುತ್ತಿತ್ತು. ದಣಿ ಮೊದಮೊದಲು ಹೆಗ್ಗಣ ಎಂದರು. ಆಮೇಲೆ ಪಡಸಾಲೆಯಲ್ಲಿ ಮಲಗುವುದನ್ನು ಬಿಟ್ಟರು. ಸೀಮೆ ಬಂದೂಕನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು. ನನ್ನನ್ನು ಕೆಳಗಿಳಿಸಲು ಯಾರಿಗೂ ಕೈ ಬರಲಿಲ್ಲ.

ದಣಿ ತೀರಿಕೊಂಡರು. ಅವರ ಸೊಸೆ ವರ್ಷದ ತಿಥಿಯ ಕೂಳು ಮುಗಿಯುವವರೆಗೂ ತಡೆದಳು. ಆಮೇಲೆ ಮಾರಕ್ಕನಿಗೆ ತಾನೇ ಹೇಳಿ ಕಳಿಸಿದಳು. "ಒಯ್ಯವ್ವ ತಾಯಿ, ಒಯ್ಯಿ. ದಿನಾ ಸಂಜಿಗೆ ಗ್ವಾಡಿ ಮೂಸತೈತಿ ಅದ್ಯಾವುದೋ. ನನ್ನ ಕೂಸು ಹಾಲು ಬಿಟ್ಟೈತಿ."

ಮಾರಕ್ಕ ನನ್ನನ್ನು ಮೊದಲ ಸಲ ಮುಟ್ಟಿದಳು. ಮಗುವನ್ನು ಹೊತ್ತಂತೆ ಸೊಂಟಕ್ಕೆ ಹೊತ್ತಳು. ಮನೆಗೆ ಹೋಗದೆ ಬಸ್ಸು ಹಿಡಿದು ತಮ್ಮನಿದ್ದ ಊರಿಗೆ ಹೊರಟಳು. ಕಂಡಕ್ಟರ್ ನನ್ನನ್ನು ನೋಡಿ ಬಾಯಿ ತೆಗೆದ. ಅವಳು ಅವನನ್ನು ನೋಡಿದಳು. ಅವನು ಟಿಕೀಟು ಹರಿದು ಕೊಟ್ಟ.

ಪೆನ್ನಯ್ಯನ ಮಂಡಿ ಹೋಗಿತ್ತು. ಅಕ್ಕನನ್ನು ಕಂಡು ಜಗುಲಿಯಿಂದ ಏಳಲು ಹೋಗಿ ಕುಸಿದ.

"ಏಳಬ್ಯಾಡ ಬಿಡು. ಇಷ್ಟು ವರ್ಷ ಏಳಲಿಲ್ಲ, ಈಗ ಎದ್ದು ಏನು ಮಾಡ್ತಿ? ಗುಂಡು ತೆಗೆಯೋ ಸುರುಳಿ ಸಲಾಕೆ ಐತೇನು?"

"ಒಣ ಮದ್ದೈತೆ ಅಕ್ಕ ಒಳಗ. ತಿವಿದ್ರೆ ಸಿಡೀತೈತಿ."

"ನೆನಸೋಣಲ್ಲ ಮತ್ತ. ಅವರಿಕಾಳು ನೆನಸಿದಂಗ."

ಬಿಸಿನೀರು ಹೊಯ್ದು ನನ್ನನ್ನು ಮೂಲೆಗೆ ಒರಗಿಸಿದರು. ನೀರು ಇಂಗಿದಂತೆಲ್ಲ ಮತ್ತೆ ಹೊಯ್ದರು. ನೀರು ನಾರನ್ನು ದಾಟಿ ಮದ್ದಿಗಿಳಿಯಿತು, ಮದ್ದು ದಾಟಿ ಮಣ್ಣಿಗಿಳಿಯಿತು. ಪೆನ್ನಯ್ಯ ಸುರುಳಿ ತಿರುಗಿಸಿ ನಾರು ಎಳೆದ. ನನ್ನನ್ನು ತಲೆಕೆಳಗು ಮಾಡಿ ಕುಟ್ಟಿದ. ಗುಂಡು ಮಾರಕ್ಕನ ಸೆರಗಿಗೆ ಬಿತ್ತು. ಅದರ ಹಿಂದೆ ಒಳಗಿನ ನಾರು, ಕರಿ ಕೆಸರು. ಕೊನೆಗೆ ಕೆಂಪು ಮಣ್ಣಿನ ತುಂಡು, ಅದರಲ್ಲಿ ಹೊರಗೆ ಬರಲಾರದೆ ಸತ್ತ ಮರಿಹುಳುವಿನ ಒಂದು ಒಣ ರೆಕ್ಕೆ.

ಪೆನ್ನಯ್ಯ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಕುಂಬಾರ ಹುಳ ಅಕ್ಕ," ಎಂದ. "ಭಾವ ಕೇಳಿದ್ದು ಹುಳದ ಹಾಡು."

"ಹ್ಞೂಂ."

"ನಾನಲ್ಲ."

"ನೀ ಅಂತ ನಾ ಯಾವತ್ತು ಅಂದೆ? ನೀ ಕೇಳಾಕ ಬಂದಿದ್ರೆ ಹೇಳ್ತಿದ್ದೆ."

ಬೆಳಿಗ್ಗೆ ಇಬ್ಬರೂ ಗವಿಹಾಳಿಗೆ ಬಂದು ಗುಡ್ಡ ಹತ್ತಿದರು. ಪೆನ್ನಯ್ಯ ನನ್ನನ್ನು ಊರುಗೋಲಾಗಿ ಊರಿಕೊಂಡ. ಖಾಲಿ ಹೊಟ್ಟೆಯಲ್ಲಿ ಗಾಳಿ ಆಡುತ್ತಿತ್ತು. ನಾನು ಅಷ್ಟು ಹಗುರಾಗಿದ್ದೇನೆಂದು ನನಗೇ ತಿಳಿದಿರಲಿಲ್ಲ. ಎಷ್ಟೋ ಕೈಗಳು ನನ್ನನ್ನು ಆರಿಸಿದವು, ಹಿಡಿದವು, ತೂಗುಹಾಕಿದವು. ಕೊಲ್ಲಲಾರದ ಕೋವಿಯಾಗಿ ಬಾಳಿದ್ದೇ ನನ್ನ ಪುಣ್ಯವೋ ಏನೋ, ಬೋಸಯ್ಯನಿಲ್ಲದ ಲೋಕದಲ್ಲಿ ಅದನ್ನು ಪುಣ್ಯವೆನ್ನಲು ನಾಚಿಕೆ.

ಮೂಡಲ ಗವಿಯ ಮುಂದೆ ಮಾರಕ್ಕ ಸೆರಗಿನ ಗಂಟು ಬಿಚ್ಚಿದಳು. ಗುಂಡನ್ನು ಹೊಸ್ತಿಲಂಥ ಬಂಡೆಯ ಮೇಲಿಟ್ಟಳು. ಆ ತಾಯಿ ಎಂದೋ ಸತ್ತಿರಬೇಕು, ಅವಳ ಮರಿಗಳೂ ಮುದಿಯಾಗಿರಬೇಕು. ಆದರೂ ಮಾರಕ್ಕ ಒಳಗಿನ ಕತ್ತಲಿಗೆ ಮುಖ ಮಾಡಿ ಓರಗಿತ್ತಿಯೊಡನೆ ಮಾತಾಡಿದಂತೆ ಮಾತಾಡಿದಳು.

"ನಿನ್ನ ಹೆಸರು ನಿನಗ, ತಗೋ. ತಡ ಆತು. ನನ್ನ ಗಂಡ ಹೇಳಿ ಕಳಿಸ್ಯಾನ."

ಒಳಗಿನಿಂದ ಫೂ ಎಂದು ಉಸಿರು ಬಂತು. ಪೆನ್ನಯ್ಯ ನನ್ನನ್ನು ಬಿಗಿಯಾಗಿ ಹಿಡಿದ. ಮಾರಕ್ಕ ಅಲುಗಲಿಲ್ಲ. ಬೂದು ಮೂತಿಯೊಂದು ಕತ್ತಲಿಂದ ಅರ್ಧ ಹೊರಬಂದು, ಗುಂಡಿನ ಮೇಲಿನ ಧೂಳು ಊದಿ, ಮೂಸಿತು. ಮೂಗಿನಿಂದ ತಳ್ಳಿತು. ಗುಂಡು ಹೊರಳಿ ಗವಿಯೊಳಗೆ ಉರುಳಿತು. ಕಲ್ಲಿಗೆ ತಾಗುತ್ತಾ, ಇಳಿಯುತ್ತಾ, ಗುಡ್ಡದ ಹೊಟ್ಟೆಯೊಳಗೆ ಎಲ್ಲೋ ಹೋಗಿ ನಿಂತಿತು.

ಮಾರಕ್ಕ ಆ ಸದ್ದು ಪೂರ್ತಿ ಅಡಗುವವರೆಗೂ ಕೇಳಿದಳು. ಆಮೇಲೆ ಸೆರಗು ಕೊಡವಿ ತಮ್ಮನ ಕಡೆ ತಿರುಗಿದಳು.

"ಮುಟ್ಟಿತು. ನಡಿ."